ಘಟ್ಟದ ಗೇಟಿನಲ್ಲಿ ನಿಂತುಹೋದ ಸಿನಿಮಾ

ಹೊಸಪೇಟೆ,
ಕ್ರಿ.ಶ. ೨೨೮೭, ಅಧಿಕ ಆಷಾಢ, ಮೂವತ್ತನಾಲ್ಕನೇ ತಾರೀಖು

ಎರಡೂವರೆ ಶತಮಾನ ಹಿಂದಿರುವ ಹಿರಿಯರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ತಿಂಗಳುಗಳು ಕೆಲಸ ಮುಗಿಯುವವರೆಗೂ ಮುಂದುವರಿಯುತ್ತವೆ. ನಿಮ್ಮ ಕಾಲದ ಕನ್ನಡ ಬರೆಯಲು ಎರಡು ವಾರ ಅಭ್ಯಾಸ ಮಾಡಿದ್ದೇನೆ. ಆದರೂ ಕೆಲವು ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮಲ್ಲಿ ಒಂದು ಕ್ಯಾಮೆರಾ, ಒಂದು ಹಳೇ ಗಾಡಿ ಇದ್ದರೆ ಸಾಕು, ಯಾರನ್ನೂ ಕೇಳದೆ ರಸ್ತೆಗಿಳಿದು ಸಿನಿಮಾ ಮಾಡುತ್ತಿದ್ದರಂತೆ. ಐವತ್ತೆರಡನೇ ವಯಸ್ಸಿನಲ್ಲಿ ನಾನೂ ಅಂಥದ್ದೊಂದು ಮಾಡಿದೆ. ಅದರ ಕಥೆ ಹೇಳಲು ಹೊರಟರೆ ಇಲ್ಲಿ ಎಲ್ಲರಿಗೂ ತುರ್ತು ಕೆಲಸ ನೆನಪಾಗುತ್ತದೆ. ನೀವಾದರೆ ಎದ್ದು ಹೋಗಲಾರಿರಿ.

ನಮ್ಮ ಕಾಲದ ಜನ ರಸ್ತೆಯಲ್ಲಿ ಓಡಾಡುವುದಿಲ್ಲ. ಊರಿಂದೂರಿಗೆ ತಂತಿಯ ಮೇಲೆ ಜಾರುವ ಪೆಟ್ಟಿಗೆಗಳಿವೆ, ತೂಗುತೊಟ್ಟಿಲು ಎನ್ನುತ್ತೇವೆ. ರಸ್ತೆಗಳನ್ನು ಎಮ್ಮೆಗಳಿಗೆ ಬಿಟ್ಟುಕೊಟ್ಟಿದ್ದೇವೆ. ಅವು ನಮಗಿಂತ ಶಿಸ್ತಾಗಿ ಬಳಸುತ್ತಿವೆ. ತೊಟ್ಟಿಲು ಹತ್ತಲು ಊರೊಪ್ಪಿಗೆ ಬೇಕು, ಅಂದರೆ ‘ಇವರು ನಮ್ಮವರು’ ಎಂದು ಒಂದು ಊರು ಬರೆದುಕೊಟ್ಟ ಚೀಟಿ. ಅದಿಲ್ಲದವರನ್ನು ಬಿಡಿಯವರು ಎನ್ನುತ್ತಾರೆ. ಬಿಡಿಯವರು ಯಾವ ಊರಲ್ಲೂ ಮೂರು ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಇಬ್ಬರು ಬಿಡಿಯವರು ಜೊತೆಗೂಡಿದರೆ ಒಬ್ಬರನ್ನು ಬೀದರಿಗೆ, ಇನ್ನೊಬ್ಬರನ್ನು ಕೊಳ್ಳೇಗಾಲಕ್ಕೆ ಕಳಿಸುತ್ತಾರೆ. ಮದುವೆಯ ಮಾತಂತೂ ದೂರ. ಊರಿನ ಹೆಸರಿಲ್ಲದ ಅರ್ಜಿಯನ್ನು ಯಂತ್ರ ನುಂಗುವುದೇ ಇಲ್ಲ, ಉಗುಳುತ್ತದೆ.

ನನ್ನ ಕಥೆಯಲ್ಲಿ ಇಬ್ಬರು ಪ್ರೇಮಿಗಳು ಹೊಸಪೇಟೆಯಿಂದ ಸಮುದ್ರಕ್ಕೆ ಓಡಿಹೋಗುತ್ತಾರೆ. ನಟರಾದರೆ ಬಿಡಿಯವರಿಗೂ ಪ್ರಯಾಣದ ಪರವಾನಗಿ ಉಂಟೆಂಬ ಒಂದು ವಾಕ್ಯ ಕಾಯ್ದೆಯಲ್ಲಿ ಹೇಗೋ ಉಳಿದುಬಿಟ್ಟಿತ್ತು. ಹಾಗಾಗಿ ನಾಯಕನ ಪಾತ್ರಕ್ಕೆ ಶೀನ ಬಂದ. ಅವನು ಹುಟ್ಟಿದ್ದು ಎರಡು ಬಂದರುಗಳ ನಡುವೆ, ದೋಣಿಯಲ್ಲಿ. ಎರಡೂ ಬಂದರಿನವರು ಅವನು ಆಚೆಯವನು ಎಂದಿದ್ದರು. ನಾಯಕಿಯಾಗಿ ಫಕೀರವ್ವ ಬಂದಳು. ಊರಿನ ಅಧ್ಯಕ್ಷರು ಹಾಡಿದ ಸ್ವಾಗತಗೀತೆಯಲ್ಲಿ ಶ್ರುತಿಯಿಲ್ಲ ಎಂದದ್ದಕ್ಕೆ ಅವಳನ್ನು ಊರಿಂದ ಕಳಿಸಿದ್ದರು. ಮುಂದಿನ ಎರಡು ಊರುಗಳಲ್ಲೂ ಅಧ್ಯಕ್ಷರು ಹಾಡಿದ್ದರು, ಅವಳೂ ಸುಮ್ಮನಿರಲಿಲ್ಲ.

ಒಬ್ಬರಿಗೊಬ್ಬರ ಗುರುತೇ ಇಲ್ಲವೆಂದು ಇಬ್ಬರೂ ಆಣೆ ಮಾಡಿದರು. ಗದಗ ದಾಟುವ ಮೊದಲೇ ಅವಳು ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

“ಅಕ್ಕಾರ, ಇವ್ರು ಆ್ಯಕ್ಟಿಂಗ್ ಮಾಡಾಕತ್ತಿಲ್ರೀ,” ಎಂದು ಕ್ಯಾಮೆರಾದ ಮೌಲಾಲಿ ನನ್ನ ಕಿವಿಯಲ್ಲಿ ಹೇಳಿದ.

ನಿಜ. ಕ್ಯಾಮೆರಾ ಶುರುವಾದೊಡನೆ ಮಾತ್ರ ಮಾಡುತ್ತಿದ್ದರು, ಅದೂ ಎರಡು ಕಂಬಗಳ ಹಾಗೆ. ಕೇಳಿದಾಗ ಶೀನ ತಲೆ ತಗ್ಗಿಸಿ ಒಪ್ಪಿಕೊಂಡ. “ಸಮುದ್ರದಲ್ಲಿ ಮಾವನ ದೋಣಿ ಉಂಟಮ್ಮ. ನೀರಿನ ಮೇಲೆ ಯಾರೂ ಚೀಟಿ ಕೇಳುದಿಲ್ಲ.” ನನಗೂ ಸಮುದ್ರವೇ ಬೇಕಿತ್ತು. ಮುಂದೆ ಹೋದೆವು. ಗಾಡಿಯನ್ನು ವಸ್ತುಸಂಗ್ರಹಾಲಯದಿಂದ ತಂದಿದ್ದೆವು, ಗಂಟೆಗೆ ಹತ್ತು ಕಿಲೋಮೀಟರ್ ಮೀರುವುದಿಲ್ಲವೆಂದು ಬರೆದುಕೊಟ್ಟು. ಎಮ್ಮೆಗಳು ನಮ್ಮನ್ನು ದಾಟಿ ಹೋಗುವಾಗ ತಿರುಗಿ ನೋಡುತ್ತಿದ್ದವು.

ಹನ್ನೊಂದನೇ ದಿನ ನಡುಮಧ್ಯಾಹ್ನ ಅರಬೈಲು ಘಟ್ಟದ ತಪಾಸಣೆ ಗೇಟು ಸಿಕ್ಕಿತು. ಅಲ್ಲಿ ಗುರುಪಾದಯ್ಯ ಎಂಬ ಅಧಿಕಾರಿ ಇಪ್ಪತ್ತೆರಡು ವರ್ಷಗಳಿಂದ ಒಬ್ಬರೇ ಇದ್ದರು. ನಾಲ್ಕು ತಿಂಗಳಿಂದ ಮನುಷ್ಯರ ಮುಖ ನೋಡಿರಲಿಲ್ಲವಂತೆ. ಪರವಾನಗಿಯನ್ನು ಕಾದಂಬರಿಯ ಹಾಗೆ ಎರಡು ಸಲ ಓದಿದರು. ಆಮೇಲೆ ಇಬ್ಬರನ್ನೂ ನೋಡಿದರು.

“ನಟರು ಅಂತ ಬರದದ. ಹಂಗಾದ್ರ ಒಂದು ಪ್ರೀತಿ ಸೀನ್ ಮಾಡಿ ತೋರಸ್ರಿ.”

ಶೀನ ಪಡಿತರದ ಪಟ್ಟಿ ಓದುವವನಂತೆ ಹೇಳಿದ: “ನೀನಿಲ್ಲದೆ ಈ ರಸ್ತೆ ರಸ್ತೆಯಲ್ಲ.”

“‘ರಸ್ತೆಯೇ ಅಲ್ಲ’ ಅನ್ನಬೇಕು!” ಎಂದಳು ಫಕೀರವ್ವ. “ಹನ್ನೊಂದು ದಿನದಿಂದ ಹೇಳಿಕೊಡಾಕತ್ತೀನಿ.”

“ನಿಂಗೆ ಹೇಳುಕೆ ಸುಲಭ. ಬೆಳಗ್ಗಿಂದ ಹೊಟ್ಟೆಗೆ ಎಂತದೂ ಇಲ್ಲ ನಂಗೆ.”

“ರೊಟ್ಟಿ ಕೊಟ್ರ ಗಟ್ಟಿ ಅಂದೆಲ್ಲ?”

“ಗಟ್ಟಿ ಇದ್ದದ್ದಕ್ಕೆ ಗಟ್ಟಿ ಅಂದೆ!”

“ಹೌದಪ್ಪಾ, ನಿಮ್ಮ ಕಡೆ ಗಂಜಿ ಕುಡಿದು ಹಲ್ಲು ಉಪಯೋಗ ಮಾಡೋದ ಮರ್ತೀರಿ!”

ಹೀಗೆ ಏಳು ನಿಮಿಷ ನಡೆಯಿತು. ನಾನು ಕಣ್ಣು ಮುಚ್ಚಿ ಬೀದರಿಗೂ ಕೊಳ್ಳೇಗಾಲಕ್ಕೂ ಎಷ್ಟು ದೂರ ಎಂದು ಲೆಕ್ಕ ಹಾಕುತ್ತಿದ್ದೆ. ಕಣ್ಣು ತೆರೆದಾಗ ಜಗಳ ಇನ್ನೂ ನಡೆದೇ ಇತ್ತು. ಆದರೆ ಬೈಯುತ್ತಲೇ ಅವಳು ಚೀಲದಿಂದ ರೊಟ್ಟಿ ತೆಗೆದು, ಮುರಿದು, ನೀರಲ್ಲಿ ನೆನೆಸಿ ಅವನ ಕೈಗಿಡುತ್ತಿದ್ದಳು. ಅವನು ಎದುರುತ್ತರ ಕೊಡುತ್ತಲೇ ತಿನ್ನುತ್ತ, ಇನ್ನೊಂದು ಅಂಗೈಯನ್ನು ಅವಳ ಕಣ್ಣಿಗೆ ಬಿಸಿಲು ಬೀಳದಂತೆ ಅಡ್ಡ ಹಿಡಿದಿದ್ದ. ತಾವು ಹಾಗೆ ಮಾಡುತ್ತಿರುವುದು ಇಬ್ಬರಿಗೂ ತಿಳಿದಂತಿರಲಿಲ್ಲ.

ಗುರುಪಾದಯ್ಯ ರಿಜಿಸ್ಟರ್ ತೆರೆದರು. “ಇವ್ರು ನಟರಲ್ಲ.”

ಕಾಯ್ದೆಯ ಆ ವಾಕ್ಯ ತೋರಿಸಲು ನಾನು ಮುಂದೆ ಬಂದೆ.

“ಪ್ರೇಮಿಗಳೂ ಅಲ್ಲ. ಪ್ರೇಮಿಗಳಿಗೆ ಇಷ್ಟು ಚಲೋ ಜಗಳಾಡಾಕ ಬರೂದಿಲ್ಲ. ಇನ್ನ ನನ್ನ ಪುಸ್ತಕದಾಗ ಉಳಿದಿದ್ದು ಒಂದ ಖಾನೆ. ಗಂಡ ಹೆಂಡ್ತಿ.” ಹಾಗೆಂದು ಬರೆದೇಬಿಟ್ಟರು.

ಊರು ಎಂಬಲ್ಲಿ ಪೆನ್ನು ನಿಂತಿತು. ಅವರು ತಮ್ಮ ಒಲೆಯ ಕಡೆ, ಗೇಟಿಗೆ ಹಬ್ಬಿಸಿದ್ದ ಕುಂಬಳದ ಬಳ್ಳಿಯ ಕಡೆ ನೋಡಿದರು. “ಮೂರು ಮಂದಿ ಉಂಡು ಮಲಗೋ ಜಾಗಾ ಊರು ಅಂತ ಕಾಯ್ದೆದಾಗ ಅದ. ನಾ ಒಬ್ಬ ಇದ್ದೀನಿ. ಇಪ್ಪತ್ತೆರಡು ವರ್ಷದಿಂದ ಇಬ್ಬರು ಕಡಿಮಿ ಬಿದ್ದಾರ.”

ಫಕೀರವ್ವ ಕಣ್ಣೊರೆಸಿಕೊಂಡು ಕೇಳಿದಳು, “ನೀವು ಹಾಡ್ತೀರೇನ್ರಿ?”

“ಇಲ್ಲವ್ವಾ.”

“ಹಂಗಾದ್ರ ಇರ್ತೀವ್ರಿ.”

ನಾಯಕ, ನಾಯಕಿ ಇಬ್ಬರೂ ಅಲ್ಲೇ ಉಳಿದ ಮೇಲೆ ಸಿನಿಮಾ ಎಲ್ಲಿಗೆ ಹೋಗುತ್ತದೆ? ನಾನೂ ಮೌಲಾಲಿಯೂ ಗಾಡಿ ತಿರುಗಿಸಿಕೊಂಡು ಬಂದೆವು. ಪುಣ್ಯಕ್ಕೆ ಅವನು ಆ ಏಳು ನಿಮಿಷವೂ ಕ್ಯಾಮೆರಾ ನಿಲ್ಲಿಸಿರಲಿಲ್ಲ. ಹೊಸಪೇಟೆಯಲ್ಲಿ ಪ್ರದರ್ಶನಕ್ಕೆ ಹದಿನಾಲ್ಕು ಜನ ಬಂದಿದ್ದರು. ಮುಗಿದ ಮೇಲೆ ಒಬ್ಬರು ಎದ್ದು, “ಸಮುದ್ರ ಎಲ್ಲಮ್ಮಾ?” ಎಂದು ಸಿಟ್ಟಾದರು. ಉಳಿದವರಲ್ಲಿ ಮೂವರು ಬಿಡಿಯವರು. ಅವರು ಸಮುದ್ರದ ಬಗ್ಗೆ ಏನೂ ಕೇಳಲಿಲ್ಲ, ಗೇಟಿಗೆ ದಾರಿ ಯಾವುದೆಂದು ಕೇಳಿದರು. ಈಗ ಅಲ್ಲಿ ನಲವತ್ತೊಂದು ಜನರಿದ್ದಾರೆ. ದಿನವೂ ಜಗಳ ನಡೆಯುತ್ತದಂತೆ.

ಹಿರಿಯರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ರಸ್ತೆಗಳಲ್ಲಿ ಇನ್ನೂ ಜನ ಓಡಾಡುತ್ತಾರೆ. ಇಬ್ಬರು ಹರೆಯದವರು ದೂಳು ಮೆತ್ತಿಕೊಂಡು ಬಂದು ನಿಮ್ಮ ಬಾಗಿಲಲ್ಲಿ ನೀರು ಕೇಳಿದರೆ, ಯಾವ ಊರು, ಯಾರ ಪೈಕಿ ಎಂದು ತಕ್ಷಣ ಬಾಯಿಗೆ ಬರುತ್ತದೆ, ನನಗೆ ಗೊತ್ತು. ಆ ಪ್ರಶ್ನೆಯನ್ನು ಸ್ವಲ್ಪ ತಡೆದುಕೊಂಡು, ಮೊದಲು ನೀರು ಕೊಡಿ. ಕುಡಿದಾದ ಮೇಲೆ, ಅಗತ್ಯ ಬಿದ್ದರೆ, ಊಟವಾಯಿತೇ ಎಂದು ಕೇಳಿ.

ಇಂತು,
ನೀಲಗಂಗಾ