ಕಾಗಿಣಾ ಹರಿಯುವ ದಿಕ್ಕು

ತಾಂಡೂರು, ೨೦ ಅಕ್ಟೋಬರ್ ೨೦೧೧, ಗುರುವಾರ

ತರಗತಿಯಲ್ಲಿ ಮಹಾನಂದಾಳನ್ನು ಇವತ್ತು ಸುಮ್ಮಸುಮ್ಮನೆ ಗದರಿಸಿಬಿಟ್ಟೆ. ಪ್ರತ್ಯೇಕ ತೆಲಂಗಾಣದ ಮುಷ್ಕರದಲ್ಲಿ ಒಂದು ತಿಂಗಳು ಶಾಲೆ ಮುಚ್ಚಿತ್ತು, ಪಾಠ ಓಡಿಸುವ ಅವಸರ ನನಗೆ. ದಖ್ಖಣದ ನದಿಗಳು ಪೂರ್ವಕ್ಕೆ ಹರಿಯುತ್ತವೆ ಎಂದು ಹೇಳಿ, ನಮ್ಮೂರ ಕಾಗಿಣಾ ನದಿಗೂ ಹಲಗೆಯ ಮೇಲೆ ಪೂರ್ವಕ್ಕೇ ಬಾಣದ ಗುರುತು ಹಾಕಿದೆ.

ಅವಳು ಎದ್ದು ನಿಂತಳು. “ಸರ್, ಕಾಗಿಣಾ ಹೊತ್ತು ಮುಳಗೋ ಕಡಿ ಹೋಗ್ತದರಿ. ಹಬ್ಬದಾಗ ನಾವು ನೀರಾಗ ಬಿಟ್ಟ ಬತುಕಮ್ಮನ ಹೂವೆಲ್ಲಾ ಹಂಗೇ ಹೋದವ್ರಿ.”

“ಹೂವಿನ ಮಾತು ಮನಿಯಾಗ ಹೇಳು. ಕೂಡು, ಬರಕೋ,” ಅಂದೆ.

ಸಂಜೆ ಸೇತುವೆಯ ಮೇಲೆ ಗಾಡಿ ನಿಲ್ಲಿಸಿದೆ. ಹನ್ನೊಂದು ವರ್ಷದಿಂದ ದಿನಾ ದಾಟುವ ಸೇತುವೆ. ಕೆಳಗೆ ಕಲ್ಲಿನ ಪದರಗಳನ್ನು ಸವೆಸುತ್ತ ನೀರು ನೇರ ಮುಳುಗುವ ಸೂರ್ಯನತ್ತಲೇ ಹೋಗುತ್ತಿತ್ತು. ಬತುಕಮ್ಮನ ಬಾಡಿದ ಹಳದಿ ತಂಗಡಿ ಹೂಗಳು ಇನ್ನೂ ಬಂಡೆಯ ಸಂದಿಯಲ್ಲಿದ್ದವು.

ಈಗ ನೋಟುಬುಕ್ಕುಗಳನ್ನು ಮತ್ತೆ ತೆಗೆದು ನೋಡಿದೆ. ಎಲ್ಲರೂ ನನ್ನ ತಪ್ಪು ಬಾಣವನ್ನೇ ಅಚ್ಚುಕಟ್ಟಾಗಿ ಎಳೆದಿದ್ದಾರೆ, ನಾನು ಸರಿ ಗುರುತೂ ಹಾಕಿದ್ದೇನೆ. ಮಹಾನಂದಾ ಮಾತ್ರ ನದಿ ಬರೆದು ಬಾಣ ಹಾಕಿಯೇ ಇಲ್ಲ. ಅದರ ಪಕ್ಕದಲ್ಲಿ ಮಧ್ಯಾಹ್ನ ನಾನೇ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: “ಬಾಣ ಎಲ್ಲಿ?”