ತಲುಪಿಸದ ಚೀಟಿ

ಏಪ್ರಿಲ್, ಮಂಗಳವಾರ, ಮಧ್ಯಾಹ್ನ

ಮಾಸ್ಟರ್‌ಗೆ,

ಗಂಡ ಎಂದು ಬರೆಯಲು ಏಳು ವರ್ಷದಿಂದ ಕೈ ಬರುತ್ತಿಲ್ಲ. ಟೈಲರಿಂಗ್ ಅಂಗಡಿಯವರೆಲ್ಲ ಕರೆಯುವ ಹಾಗೆ ನಾನೂ ಕರೆದಿದ್ದೇನೆ. ನಿನ್ನೆ ನಿಮ್ಮ ತಂಗಿ ಫೋನು ಮಾಡಿದಳು. ಯಾರಿಗೋ ಕೋಟಿನ ಅಳತೆ ತೆಗೆಯುತ್ತಾ, ಟೇಪು ಹಿಡಿದುಕೊಂಡೇ ಕುಸಿದಿರಂತೆ. ಹೃದಯ ಕಾಲುಭಾಗವೂ ಕೆಲಸ ಮಾಡುತ್ತಿಲ್ಲ, ಆಪರೇಷನ್ ತಡೆಯುವ ಶಕ್ತಿ ಉಳಿದಿಲ್ಲ ಎಂದರಂತೆ ಡಾಕ್ಟರು.

ಇಬ್ಬರಿಗೂ ಎಚ್‌ಐವಿ ಎಂದು ಗೊತ್ತಾದ ದಿನ ಸತ್ತೇ ಹೋಗುತ್ತೇವೆಂದುಕೊಂಡೆವು. ಸಾಯಲಿಲ್ಲ, ಜಗಳವಾಡಿದೆವು. ನಿಮ್ಮಿಂದಲೇ ಬಂತೆಂದು ನಿಮ್ಮನ್ನು ಮನೆಯಿಂದ ಹೊರಗೆ ಹಾಕಿದೆ. ಮುಖ ನೋಡಬಾರದೆಂದು ಚಿಕಿತ್ಸಾ ಕೇಂದ್ರವನ್ನೂ ಪಾಲು ಮಾಡಿಕೊಂಡೆವಲ್ಲ: ಮಾತ್ರೆ ತರಲು ನಾನು ಸೋಮವಾರ, ನೀವು ಗುರುವಾರ. ಮಾತ್ರೆ ತಪ್ಪಿಸದ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಹಟ. ರಕ್ತದಲ್ಲಿ ವೈರಸ್ ಕಾಣುತ್ತಿಲ್ಲ ಎಂದಾಗ ಗೆದ್ದೆವು ಎಂದುಕೊಂಡಿದ್ದೆ.

ಅಷ್ಟಕ್ಕೇ ಮುಗಿಯುವುದಿಲ್ಲವಂತೆ. ವೈರಸ್ ಅಡಗಿ ಕೂತರೂ ಒಳಗೊಳಗೇ ರಕ್ತನಾಳಗಳು ಕೆಡುತ್ತವೆ, ನಮ್ಮಂಥವರಿಗೆ ಹೃದಯಾಘಾತದ ಅಪಾಯ ಬೇರೆಯವರಿಗಿಂತ ಸುಮಾರು ಎರಡು ಪಟ್ಟು ಎಂದು ಚಿಕಿತ್ಸಾ ಕೇಂದ್ರದ ನರ್ಸಮ್ಮ ಹೇಳಿದರು. ಸಾಲದ್ದಕ್ಕೆ ನಿಮ್ಮ ಸಿಗರೇಟು. ಫೆಬ್ರವರಿಯ ತಪಾಸಣೆಯಲ್ಲಿ ನಿಮ್ಮ ಕೊಲೆಸ್ಟ್ರಾಲ್ ಏರಿತ್ತು, ಬಿಪಿಯೂ ಏರಿತ್ತು. ಮಾತ್ರೆಗೆಂದು ನೀವು ಮತ್ತೆ ಅಲ್ಲಿಗೆ ಹೋಗಬೇಕಿದ್ದದ್ದು ಮೂರು ತಿಂಗಳ ಮೇಲೆ. ನಿಮ್ಮ ಹೊಸ ನಂಬರು ಅವರ ಬಳಿ ಇರಲಿಲ್ಲ, ಫೈಲಿನಲ್ಲಿ ಹೆಂಡತಿಯೆಂದು ನನ್ನ ಹೆಸರು ಮಾತ್ರ ಇತ್ತು. ಕೂಡಲೇ ಹೃದಯದ ಡಾಕ್ಟರಿಗೆ ತೋರಿಸಬೇಕೆಂಬ ಚೀಟಿಯನ್ನು ನನ್ನ ಕೈಗೆ ಕೊಟ್ಟು, ನಿಮಗೆ ತಲುಪಿಸಲು ಹೇಳಿದರು.

ಅಳತೆ ಪುಸ್ತಕದೊಳಗಿಟ್ಟೆ. ಶಾಲೆಯ ಯೂನಿಫಾರಂ ಹೊಲಿಯುವ ಗಡಿಬಿಡಿಯಲ್ಲಿ ಮರೆತೇಬಿಟ್ಟೆ. ನಿನ್ನೆ ಫೋನು ಬಂದ ಮೇಲೆಯೇ ನೆನಪಾದದ್ದು.

ಹುಷಾರಾಗುತ್ತೀರಿ ಎಂದು ಬರೆಯಲಾರೆ. ನಿಮ್ಮ ತಂಗಿಗೂ ಆ ನಂಬಿಕೆ ಇಲ್ಲ. ಇಷ್ಟು ವರ್ಷ ಸಾಕಿಕೊಂಡು ಬಂದ ಕೋಪ ಈಗ ಹುಡುಕಿದರೂ ಸಿಗುತ್ತಿಲ್ಲ. ಭಯವಾಗುತ್ತಿದೆ, ಮಾಸ್ಟರ್. ಕಣ್ಣು ಬಿಡುವಷ್ಟು ಶಕ್ತಿ ಇದ್ದರೆ ಇದನ್ನು ನೀವೇ ಓದಿ.

ಇತಿ,
ನಿಮ್ಮ ಕೋಟುಗಳಿಗೆ ಗುಂಡಿ, ಕಾಜಾ ಹೊಲಿಯುತ್ತಿದ್ದವಳು

ತಾ.ಕ.: ಮರೆತೆ ಎಂದದ್ದು ಸುಳ್ಳು. ನರ್ಸಮ್ಮ ಎರಡು ಸಲ ಫೋನು ಮಾಡಿ ವಿಚಾರಿಸಿದ್ದರು. ಚೀಟಿ ಕೊಟ್ಟೆ, ಅವರೇ ಹೋಗಲ್ಲ ಅಂದರು ಎಂದೆ. ಒಂದು ದಿನ ಕೊಟ್ಟೇಬಿಡೋಣವೆಂದು ನಿಮ್ಮ ಅಂಗಡಿಯ ಬಾಗಿಲವರೆಗೂ ಬಂದಿದ್ದೆ. ನೀವು ಯಾರದೋ ಮಾತಿಗೆ ನಗುತ್ತಿದ್ದಿರಿ. ಸಹಿಸಲಾಗದೆ ವಾಪಸ್ ಹೋದೆ.