ಅಪ್ಪಾಜಿ ಕೂತ ಜಾಗದಲ್ಲಿ ಟವರ್

ಅಪ್ಪಾಜಿ,

ನಿಮ್ಮನ್ನು ಕೂತ ಜಾಗದಿಂದ ಕದಲಿಸಬೇಕಾಗಿದೆ. ಸಮಾಧಿಯ ಮುಂದೆ ನಿಂತು ಹೇಳಲು ಎರಡು ಸಲ ಹೋದೆ, ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ.

ನಿಮ್ಮನ್ನು ಹಾರನಹಳ್ಳಿಯ ತೋಟದಲ್ಲಿ ಮಣ್ಣು ಮಾಡಿದ ದಿನ ನೆನಪಾಗುತ್ತಿದೆ. ನಮ್ಮವರ ಪದ್ಧತಿಯಂತೆ ಕೂರಿಸಿ, ವಿಭೂತಿ ತುಂಬಿ, ಮಣ್ಣು ಮುಚ್ಚಿದರು. ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ತೋರಿಸಿ ಅಮ್ಮ, "ಇದು ನಂದು. ಯಾರೂ ಗಿಡ ನೆಡಬ್ಯಾಡಿ" ಅಂದಿದ್ದಳು. ಈಗಲೂ ಸೋಮವಾರ ತಪ್ಪದೆ ಬಂದು ನಿಮ್ಮ ಜೊತೆ ಜಗಳವಾಡಿ ಹೋಗುತ್ತಾಳೆ. ಕೇಳಿಸುತ್ತದೆಯೇ?

ಹೋದ ತಿಂಗಳು ಸರ್ವೆಯವನು ಬಂದು ನಿಮ್ಮ ತಲೆಯ ಹತ್ತಿರವೇ ಗೂಟ ಹೊಡೆದ. ಬೆಂಗಳೂರಿನ ಕಡೆಗೆ ಹೋಗುವ ಹೈಟೆನ್ಷನ್ ಲೈನ್ ಅಂತೆ. ಟವರಿನ ನಾಲ್ಕು ಕಾಲಲ್ಲಿ ಒಂದು ಸರಿಯಾಗಿ ನಿಮ್ಮ ಮೇಲೆ. "ಇಷ್ಟೊಂದು ಕರೆಂಟು ಯಾರಿಗ್ರೀ?" ಅಂದೆ. "ಡೇಟಾ ಸೆಂಟರ್‌ಗಳು ಜಾಸ್ತಿ ಆಗ್ತಾ ಇದಾವೆ ಮೇಡಂ. ಹಳೇ ಲೈನು ತಡೆಯಲ್ಲ" ಅಂದ. ನಿಮ್ಮ ಕಾಲದಲ್ಲಿ ಈ ಹೆಸರು ಕೇಳಿರಲಿಲ್ಲ ಅಲ್ಲವೇ? ದೊಡ್ಡ ದೊಡ್ಡ ಕಟ್ಟಡ, ಒಳಗೆ ಸಾಲುಸಾಲು ಕಂಪ್ಯೂಟರು, ಬಿಸಿಯಾಗದಂತೆ ಸದಾ ತಂಪು ಮಾಡುತ್ತಿರಬೇಕು. ನಮ್ಮ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡಲು ಗಂಟೆ ಎಣಿಸುವವರು ಅಲ್ಲಿ ಒಂದು ಕ್ಷಣವೂ ತಪ್ಪಿಸುವಂತಿಲ್ಲ. ಮೈಯೆಲ್ಲ ಉರಿದುಹೋಯಿತು.

ಆಸ್ಪತ್ರೆಯ ಮಂಚದಿಂದ ನೀವು ಒಂದು ವಾಯ್ಸ್ ಮೆಸೇಜ್ ಕಳಿಸಿದ್ದಿರಿ. "ಮೋಟ್ರು ಆಫ್ ಮಾಡಿದ್ಯೇನವ್ವ?" ಅಷ್ಟೇ. ಫೋನ್ ಕೆಟ್ಟಾಗ ಅದು ಹೋಯಿತೆಂದು ಅತ್ತಿದ್ದೆ. ಹೊಸ ಫೋನಿಗೆ ಹಳೇ ನಂಬರ್ ಹಾಕಿದ ಮೇಲೆ ತಾನಾಗೇ ಬಂತು. ಎಲ್ಲಿತ್ತು, ಎಲ್ಲಿಂದ ಬಂತು ಎಂದು ಆಗ ಯೋಚಿಸಿರಲಿಲ್ಲ. ಅಂಥದ್ದೇ ಯಾವುದೋ ಕಟ್ಟಡದಿಂದಂತೆ. ಈಗ ಯಾರನ್ನು ಬೈಯಲಿ, ಹೇಳಿ?

ನಾನು ಸ್ಕೂಲಿಗೆ ಹೋಗುತ್ತಿದ್ದಾಗ ನೀವು ಇದೇ ಊರಿಗೆ ಲೈನ್‌ಮನ್. ಹಟ್ಟಿ ಕಡೆಗೆ ಹೊಸ ಲೈನ್ ಎಳೆಯುವಾಗ ಯಾರೂ ಹೊಲದಲ್ಲಿ ಕಂಬಕ್ಕೆ ಜಾಗ ಬಿಡಲಿಲ್ಲ. ನೀವು ವಾದಕ್ಕೆ ನಿಲ್ಲಲಿಲ್ಲ. ಮೊದಲ ಕಂಬವನ್ನು ನಮ್ಮ ರಾಗಿ ಹೊಲದ ನಟ್ಟನಡುವೆ ನಿಲ್ಲಿಸಿದಿರಿ. ಊರವರ ಬಾಯಿ ಮುಚ್ಚಿತು, ಅಮ್ಮ ಎರಡು ದಿನ ಮಾತು ಬಿಟ್ಟಳು. ಉಳುಮೆಗೆ ಆ ಕಂಬ ಅಡ್ಡ ಬಂದಾಗಲೆಲ್ಲ ನಾನೂ ನಿಮ್ಮನ್ನು ಬೈದುಕೊಂಡಿದ್ದೇನೆ.

ಟವರ್ ಸರಿಸಿ ಎಂದು ಅರ್ಜಿ ಕೊಟ್ಟೆ. ಸರಿಸಬಹುದು, ಆಗ ಲೈನು ಪಕ್ಕದಲ್ಲಿರುವ ಹಟ್ಟಿಯ ರುದ್ರಣ್ಣನ ತೋಟದ ಮೇಲೆ ಹೋಗುತ್ತದೆ ಅಂದರು. ತಂತಿಯ ಕೆಳಗೆ ಬರುವ ತೆಂಗನ್ನೆಲ್ಲ ಕಡಿಸುತ್ತಾರೆ. ನಮ್ಮಲ್ಲಿ ಎರಡು ಸಾಲು ಹೋದರೂ ಉಳಿದವು ಇವೆ. ರುದ್ರಣ್ಣನಿಗಿರುವುದು ಆ ಒಂದು ತುಂಡು. ಅವನೇ ಮನೆಗೆ ಬಂದ. "ನಮ್ ಕಡೀಕೇ ಹಾಕ್ಸವ್ವ. ಅಣ್ಣಾರ್ನ ಏಳಿಸಬ್ಯಾಡ. ನಮ್ಮನೇಗೆ ಮೊದ್ಲು ಬಲ್ಬ್ ಉರಿಸಿದೋರು ಅವ್ರು" ಅಂದ. ಅವನು ಜಗಳಕ್ಕೆ ಬಂದಿದ್ದರೆ ನಾನು ಹಟ ಹಿಡಿಯುತ್ತಿದ್ದೆನೋ ಏನೋ...

ನಿನ್ನೆ ಅರಸೀಕೆರೆಗೆ ಹೋಗಿ ಸಹಿ ಹಾಕಿ ಬಂದೆ. ಟವರ್ ನಮ್ಮಲ್ಲೇ ನಿಲ್ಲಲಿ ಅಂದೆ. ನೀವಿದ್ದಿದ್ದರೂ ಹೀಗೇ ಮಾಡುತ್ತಿದ್ದಿರಿ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಆದರೆ ನೀವು ಕೊಟ್ಟದ್ದು ಹೊಲ, ನಾನು ಕೊಟ್ಟದ್ದು ನಿಮ್ಮನ್ನು. ಎರಡೂ ಒಂದೇ ಹೇಗಾಗುತ್ತದೆ, ಅಪ್ಪಾಜಿ? ಬಸ್ಸಿನಲ್ಲಿ ಬರುವಾಗ ತುಂಬ ಅತ್ತೆ.

ಮಠದ ಅಯ್ಯನವರು ಅಪ್ಪಣೆ ಕೊಟ್ಟಿದ್ದಾರೆ. ಗುರುವಾರ ಬೆಳಿಗ್ಗೆ ಬರುತ್ತೇವೆ. ತೋಟದ ಕೆರೆ ಕಡೆಯ ಮೂಲೆಯಲ್ಲಿ ಇಬ್ಬರಿಗಾಗುವಷ್ಟು ಜಾಗ ಗುರುತು ಮಾಡಿದ್ದೇನೆ. ಅಲ್ಲಿಗೆ ಯಾವ ಗೂಟವೂ ಬರದಂತೆ ನೋಡಿಕೊಳ್ಳುತ್ತೇನೆ, ಇದು ಮಾತು.

"ನೀನು ಬರಬೇಡಮ್ಮ, ನೋಡೋಕಾಗಲ್ಲ" ಎಂದು ಅಮ್ಮನಿಗೆ ಹೇಳಿದೆ. ಸಹಿ ಹಾಕಿದಾಗಿನಿಂದ ಅವಳು ನನ್ನ ಜೊತೆ ಮಾತಾಡಿರಲಿಲ್ಲ. ಇವತ್ತು ತಲೆ ಬಾಚಿಕೊಳ್ಳುತ್ತಾ, ನನ್ನ ಕಡೆ ನೋಡದೆ ಅಂದಳು:

"ನಾನ್ ಹೋಗ್ದೆ ಇದ್ರೆ ಆಗ್ತೈತಾ? ನಿಮ್ಮಪ್ಪ ಒಂದಿನಾನೂ ನಾನು ಕೂಗ್ದೆ ಎದ್ದೋರಲ್ಲ."